ನೀಲಿ ಪಂಪ್ ಹೊಡೆದ ಮೇಲೂ ರಾತ್ರಿ ಉಸಿರು ಯಾಕೆ ಕಟ್ಟಿತು? ಅಸ್ತಮಾ ಮತ್ತು ನಮ್ಮದೇ ರಕ್ಷಣಾ ಕೋಶಗಳ ಕಥೆ

ಸಾಮಾನ್ಯವಾಗಿ ಇಲ್ಲಿ ಇಎಂಐ, ಎಸ್‌ಐಪಿ, ಸಂಬಳದ ಸ್ಲಿಪ್ಪು ಅಂತ ಮಾತಾಡೋಳು ನಾನು. ಓದಿದ್ದು ಬಿಕಾಂ. ಬಯಾಲಜಿ ಪುಸ್ತಕ ಮುಚ್ಚಿದ್ದು ಹತ್ತನೇ ಕ್ಲಾಸಿನಲ್ಲಿ. ಆದರೂ ಇವತ್ತಿನ ಸಂಚಿಕೆ ಅಸ್ತಮಾ ಬಗ್ಗೆ. ಯಾಕಂದ್ರೆ ನನಗೆ ಒಂಬತ್ತನೇ ವಯಸ್ಸಿನಿಂದ ಅಸ್ತಮಾ ಇದೆ, ಮತ್ತು ಅದು ಏನು ಅಂತ ನನಗೆ ನಿಜವಾಗಿ ಅರ್ಥ ಆಗಿದ್ದು ಈ ವರ್ಷ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ನಾನು ಡಾಕ್ಟರ್ ಅಲ್ಲ. ಇದನ್ನ ಕೇಳಿ ನಿಮ್ಮ ಔಷಧ ನೀವೇ ಬದಲಾಯಿಸಬೇಡಿ, ನಿಲ್ಲಿಸಬೇಡಿ. ನಿಲ್ಲಿಸಿದ್ರೆ ಏನಾಗುತ್ತೆ ಅನ್ನೋದೇ ಇವತ್ತಿನ ಕಥೆ.

ಯುಗಾದಿಗೆ ಎರಡು ದಿನ ಮುಂಚೆ

ನಮ್ಮೂರು ತುಮಕೂರು. ಸಂಕ್ರಾಂತಿ ಹೊತ್ತಿಗೆ ಮನೆಯಲ್ಲಿ ನನ್ನ ಮದುವೆ ಮಾತು ಶುರುವಾಗಿತ್ತು. ಹುಡುಗನ ಕಡೆಯವರು ಬರ್ತಾರೆ ಅಂತ ಅಮ್ಮ ಮನೆ ಒಪ್ಪ ಮಾಡುವಾಗ, ಟೀವಿ ಪಕ್ಕ ಇದ್ದ ನನ್ನ ಎರಡು ಇನ್ಹೇಲರ್ ಕಣ್ಣಿಗೆ ಬಿದ್ದವು. "ನಾಲ್ಕು ಜನ ಬರೋ ಮನೆ, ಇವನ್ನೆಲ್ಲ ಎದುರಿಗೆ ಇಡಬೇಡ್ವೇ" ಅಂದರು. ನೀಲಿ ಬಣ್ಣದ್ದು ನನ್ನ ಬ್ಯಾಗಿಗೆ ಹೋಯ್ತು. ಇನ್ನೊಂದು, ದಿನಾ ಬೆಳಿಗ್ಗೆ ಸಂಜೆ ಎಳೆಯಬೇಕಾದ್ದು, ಬೀರುವಿನಲ್ಲಿ ಸೀರೆಗಳ ಹಿಂದೆ ಸೇರಿತು.

ಅಮ್ಮನ ಮೇಲೆ ತಪ್ಪು ಹಾಕಲ್ಲ. ನನಗೂ ಅದೇ ಬೇಕಿತ್ತು. ತಿಂಗಳುಗಟ್ಟಲೆ ಒಂದು ಸಲವೂ ವೀಜಿಂಗ್ ಬಂದಿರಲಿಲ್ಲ. ಏನೂ ಇಲ್ಲದಾಗ ದಿನಾ ಸ್ಟೀರಾಯ್ಡ್ ಯಾಕೆ ಅಂತ ಸುಮ್ಮನಾದೆ. ಬೆಂಗಳೂರಿಗೆ ವಾಪಸ್ ಬರುವಾಗಲೂ ಅದನ್ನ ತಗೊಳ್ಳಲಿಲ್ಲ. ಎರಡೂವರೆ ತಿಂಗಳು ಹಾಗೇ ಕಳೀತು.

ಯುಗಾದಿಗೆ ಊರಿಗೆ ಹೋದೆ. ಹಬ್ಬಕ್ಕೆ ಮನೆ ಗುಡಿಸಿ ಸಾರಿಸೋ ಗಲಾಟೆ. ಸಂಜೆ ನಾಲ್ಕಕ್ಕೆ ಅಟ್ಟ ಹತ್ತಿ ಹಳೇ ಹಾಸಿಗೆ, ದಿಂಬು ಎಲ್ಲ ಕೆಳಗೆ ಹಾಕಿದೆ. ಹತ್ತೇ ನಿಮಿಷ. ಸೀನು, ಕೆಮ್ಮು, ಎದೆಯಲ್ಲಿ ಸುಯ್ ಸುಯ್ ಸದ್ದು. ನೀಲಿ ಪಂಪ್ ಎರಡು ಸಲ ಎಳೆದೆ. ಸ್ವಲ್ಪ ಹೊತ್ತಿಗೇ ಉಸಿರು ಹಗುರ ಆಯ್ತು. ಟೀ ಕುಡಿದು ಹೂರಣ ರುಬ್ಬೋಕೆ ಕೂತೆ.

ರಾತ್ರಿ ಹನ್ನೊಂದಕ್ಕೆ ಮತ್ತೆ ಶುರು. ಅಟ್ಟದ ಹತ್ತಿರ ಹೋಗಿರಲಿಲ್ಲ, ದೂಳು ಮುಟ್ಟಿರಲಿಲ್ಲ. ಈ ಸಲ ನೀಲಿ ಪಂಪ್ ಎಳೆದರೂ ಅಷ್ಟಕ್ಕಷ್ಟೇ. ಒಂದು ವಾಕ್ಯ ಪೂರ್ತಿ ಹೇಳೋಕೆ ಆಗ್ತಿರಲಿಲ್ಲ. "ಅಮ್ಮಾ" ಅಂದು, ನಿಂತು, ಉಸಿರು ತಗೊಂಡು, "ಆಸ್ಪತ್ರೆ" ಅಂದೆ. ಅಪ್ಪ ಕಾರು ತೆಗೆದರು. ಆ ಹತ್ತು ನಿಮಿಷದ ದಾರಿ ನಾನು ಮರೆಯಲ್ಲ.

ನೆಬ್ಯುಲೈಸರ್, ಆಕ್ಸಿಜನ್, ಸ್ಟೀರಾಯ್ಡ್ ಎಲ್ಲ ಆಗಿ ಬೆಳಗಿನ ಜಾವಕ್ಕೆ ಸುಧಾರಿಸಿಕೊಂಡೆ. ಡ್ಯೂಟಿ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: "ಏನಮ್ಮಾ, ನಿನ್ನ ಇನ್ನೊಂದು ಇನ್ಹೇಲರ್ ಎಲ್ಲಿ?"

ಆಮೇಲೆ ನನ್ನ ತಲೆಯಲ್ಲಿ ಉಳಿದಿದ್ದು ಬೇರೆ ಪ್ರಶ್ನೆ. ದೂಳು ಕುಡಿದಿದ್ದು ನಾಲ್ಕು ಗಂಟೆಗೆ. ಪಂಪ್ ಎಳೆದೆ, ಸರಿ ಹೋಯ್ತು. ಹಾಗಾದ್ರೆ ಹನ್ನೊಂದು ಗಂಟೆಗೆ ಬಂದಿದ್ದು ಯಾರು?

ಕೊಳವೆಯೊಳಗೆ ಏನಿದೆ

ಉಸಿರು ಒಳಗೆ ಹೋಗೋ ಕೊಳವೆಗಳು ಮರದ ಕೊಂಬೆ ಥರ ಕವಲೊಡೆದು ಸಣ್ಣದಾಗ್ತಾ ಹೋಗ್ತವೆ. ಪ್ರತಿ ಕೊಳವೆಗೂ ಒಳಗೆ ತೆಳುವಾದ ಪೊರೆ. ಆ ಪೊರೆಯ ಮೇಲೆ ಸ್ವಲ್ಪ ಲೋಳೆ, ಅಂದ್ರೆ ಕಫ, ದೂಳು ಹಿಡಿಯೋಕೆ. ಪೊರೆಯ ಹೊರಸುತ್ತು ಸ್ನಾಯು.

ಅಸ್ತಮಾ ಬಂದಾಗ ಈ ಕೊಳವೆ ಮೂರು ರೀತಿ ಕಿರಿದಾಗುತ್ತೆ. ಸ್ನಾಯು ಬಿಗಿಯುತ್ತೆ, ಗೋಡೆ ಊದಿಕೊಳ್ಳುತ್ತೆ, ಕಫ ಗಟ್ಟಿಯಾಗಿ ದಾರಿ ಮುಚ್ಚುತ್ತೆ. ಈ ಮೂರನ್ನ ನೆನಪಿಟ್ಟುಕೊಳ್ಳಿ. ನೀಲಿ ಪಂಪ್ ಬಿಡಿಸೋದು ಮೊದಲನೆಯದನ್ನ ಮಾತ್ರ.

ಮತ್ತೆ ಇಷ್ಟೆಲ್ಲ ಮಾಡಿಸೋರು ಯಾರು? ನಮ್ಮ ರೋಗನಿರೋಧಕ ಕೋಶಗಳೇ. ಶೀತ, ನ್ಯುಮೋನಿಯಾ, ಹೊಟ್ಟೆಹುಳ ಇವುಗಳಿಂದ ನಮ್ಮನ್ನ ಕಾಯಬೇಕಾದ ಅದೇ ಪಡೆ.

ಲಕ್ಷಣವೇ ಇಲ್ಲದ ಮೊದಲ ಹಂತ

ಹಳೇ ಹಾಸಿಗೆಯಲ್ಲಿ ದೂಳಿನ ಜೊತೆ ಕಣ್ಣಿಗೆ ಕಾಣದ ನುಸಿಗಳಿರುತ್ತವೆ. ನಮ್ಮ ಮೈಯಿಂದ ಉದುರೋ ಚರ್ಮದ ಹೊಟ್ಟೇ ಅವುಗಳ ಊಟ. ತೊಂದರೆ ಕೊಡೋದು ಮುಖ್ಯವಾಗಿ ಅವುಗಳ ಹಿಕ್ಕೆ. ಅದರಲ್ಲಿ ಪ್ರೋಟೀನನ್ನ ಕತ್ತರಿಸೋ ಕಿಣ್ವ ಇದೆ. ಅದು ಶ್ವಾಸಕೊಳವೆಯ ಪೊರೆಯಲ್ಲಿ ಕೋಶ ಕೋಶದ ನಡುವಿನ ಬೆಸುಗೆಯನ್ನೇ ಸಡಿಲ ಮಾಡುತ್ತೆ.

ಪೊರೆಯ ಕೆಳಗೆ ಡೆಂಡ್ರಿಟಿಕ್ ಕೋಶಗಳು ಕಾವಲಿಗೆ ಕೂತಿರ್ತವೆ. ಒಳಬಂದ ತುಣುಕನ್ನ ಹಿಡಿದು, ಹತ್ತಿರದ ದುಗ್ಧಗ್ರಂಥಿಗೆ ಒಯ್ದು, ಅಲ್ಲಿನ ಟಿ ಕೋಶಗಳಿಗೆ ತೋರಿಸ್ತವೆ. ಹೆಚ್ಚಿನವರಲ್ಲಿ ಇದು ಅಪಾಯ ಅಲ್ಲ ಅಂತ ಕಡತ ಮುಚ್ಚಿಹೋಗುತ್ತೆ. ನನ್ನಂಥವರಲ್ಲಿ ಮಾತ್ರ ಆ ಟಿ ಕೋಶಗಳು ಟಿಎಚ್-2 ಅನ್ನೋ ವರ್ಗಕ್ಕೆ ಸೇರಿಬಿಡ್ತವೆ. ಟಿ ಕೋಶಗಳಲ್ಲಿ ಹೀಗೆ ಬೇರೆ ಬೇರೆ ಕೆಲಸದ ವರ್ಗಗಳಿವೆ ಅಂತ ಇಲಿಗಳ ಕೋಶಗಳಲ್ಲಿ ತೋರಿಸಿದ್ದು 1986ರಲ್ಲಿ, ಟಿಮ್ ಮಾಸ್‌ಮನ್ ಮತ್ತು ರಾಬರ್ಟ್ ಕಾಫ್‌ಮನ್.

ಟಿಎಚ್-2 ಕೋಶಗಳು ಮೂರು ಮುಖ್ಯ ಸಂದೇಶ ಕಳಿಸ್ತವೆ. ಹೆಸರು ಇಂಟರ್‌ಲ್ಯೂಕಿನ್-4, 5 ಮತ್ತು 13. ನಾಲ್ಕನೆಯದು ಬಿ ಕೋಶಗಳಿಗೆ ಹೇಳುತ್ತೆ: ಐಜಿಇ ಅನ್ನೋ ಪ್ರತಿಕಾಯ ತಯಾರಿಸಿ. ಈ ಐಜಿಇಯನ್ನ 1966ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಜಪಾನಿನ ಇಶಿಝಾಕಾ ದಂಪತಿ ಗುರುತಿಸಿದರು. ಅದೇ ಸಮಯಕ್ಕೆ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳೂ ಬೇರೆ ದಾರಿಯಲ್ಲಿ ಅದನ್ನೇ ಕಂಡಿದ್ದರು. ತಯಾರಾದ ಐಜಿಇ ಹೋಗಿ ಮಾಸ್ಟ್ ಕೋಶಗಳ ಮೈಮೇಲೆ ಕೂರುತ್ತೆ. ಇಷ್ಟು ಆಗೋವರೆಗೂ ನಮಗೆ ಒಂದು ಸೀನೂ ಬಂದಿರಲ್ಲ.

ನಾಲ್ಕು ಗಂಟೆಗೆ ಬಂದದ್ದು: ಮಾಸ್ಟ್ ಕೋಶ

ಮಾಸ್ಟ್ ಕೋಶಕ್ಕೆ ಆ ಹೆಸರಿಟ್ಟಿದ್ದು ಜರ್ಮನಿಯ ಪಾಲ್ ಎರ್ಲಿಖ್, 1878ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ. ಕೋಶದ ತುಂಬ ಕಾಳು ಕಾಳಾಗಿ ಏನೋ ಇದೆ, ಚೆನ್ನಾಗಿ ತಿಂದು ಕೊಬ್ಬಿದೆ ಅಂತ ಆ ಹೆಸರು. ಆ ಕಾಳುಗಳಲ್ಲಿ ಇರೋದು ಹಿಸ್ಟಮಿನ್ ಮತ್ತಿತರ ರಾಸಾಯನಿಕ.

ಎರಡನೇ ಸಲ ಅದೇ ನುಸಿಯ ಪ್ರೋಟೀನ್ ಬಂತು ಅಂದ್ಕೊಳ್ಳಿ. ಅದು ಮಾಸ್ಟ್ ಕೋಶದ ಮೇಲಿನ ಎರಡು ಐಜಿಇಗಳಿಗೆ ಒಟ್ಟಿಗೆ ಅಂಟಿದರೆ ಸಾಕು, ಕೋಶ ತನ್ನ ಕಾಳುಗಳನ್ನೆಲ್ಲ ಹೊರಗೆ ಸುರಿಯುತ್ತೆ. ಜೊತೆಗೆ ಲ್ಯೂಕೋಟ್ರೈನ್ ಅನ್ನೋದನ್ನ ಆಗಿಂದಾಗ್ಗೆ ತಯಾರಿಸಿ ಬಿಡುತ್ತೆ. ಸ್ನಾಯು ಬಿಗಿಯುತ್ತೆ. ಇದೆಲ್ಲ ನಿಮಿಷಗಳ ಲೆಕ್ಕ. ಅಟ್ಟದ ಮೇಲೆ ನನಗಾಗಿದ್ದು ಇದು. ಇಲ್ಲಿ ಮುಖ್ಯ ತೊಂದರೆ ಸ್ನಾಯುವಿನದ್ದು, ಹಾಗಾಗಿ ಸ್ನಾಯು ಸಡಿಲಿಸೋ ನೀಲಿ ಪಂಪ್ ಚೆನ್ನಾಗಿ ಕೆಲಸ ಮಾಡಿತು.

ಆದರೆ ಮಾಸ್ಟ್ ಕೋಶ ಹೋಗುವಾಗ ಇನ್ನೊಂದು ಕೆಲಸ ಮಾಡಿ ಹೋಗಿತ್ತು. ಬೇರೆಯವರಿಗೆ ಬುಲಾವ್ ಕಳಿಸಿತ್ತು.

ಹನ್ನೊಂದು ಗಂಟೆಗೆ ಬಂದದ್ದು: ಇಯೊಸಿನೊಫಿಲ್

ದೂಳು ಹೋಗಿ ಸುಮಾರು ನಾಲ್ಕರಿಂದ ಎಂಟು ಗಂಟೆ ಆದ ಮೇಲೆ ಕೆಲವರಿಗೆ ಎರಡನೇ ಅಲೆ ಬರುತ್ತೆ. ವೈದ್ಯರು ಇದನ್ನ ತಡವಾದ ಪ್ರತಿಕ್ರಿಯೆ ಅಂತಾರೆ. ನಾನು ಹೂರಣ ರುಬ್ಬುತ್ತಾ ಆರಾಮಾಗಿ ಕೂತಿದ್ದಾಗ, ರಕ್ತದಲ್ಲಿದ್ದ ಬಿಳಿ ರಕ್ತಕಣಗಳು ಶ್ವಾಸಕೊಳವೆಯ ಗೋಡೆಯೊಳಗೆ ಇಳೀತಾ ಇದ್ದವು. ಅದರಲ್ಲಿ ಮುಖ್ಯವಾದದ್ದು ಇಯೊಸಿನೊಫಿಲ್.

ಇದಕ್ಕೂ ಹೆಸರು ಕೊಟ್ಟಿದ್ದು ಎರ್ಲಿಖ್, 1879ರಲ್ಲಿ. ಇಯೊಸಿನ್ ಅನ್ನೋ ಕೆಂಪು ಬಣ್ಣವನ್ನ ಇದು ಚೆನ್ನಾಗಿ ಹೀರುತ್ತೆ. ಟಿಎಚ್-2 ಕೋಶಗಳ ಇಂಟರ್‌ಲ್ಯೂಕಿನ್-5 ಸಂದೇಶ ಮಜ್ಜೆಗೆ ಹೋಗಿ, ಇನ್ನಷ್ಟು ಇಯೊಸಿನೊಫಿಲ್ ಕಳಿಸಿ ಅನ್ನುತ್ತೆ. ಬಂದವು ಬೇಗ ಸಾಯದ ಹಾಗೂ ನೋಡಿಕೊಳ್ಳುತ್ತೆ.

ಈ ಕೋಶದೊಳಗೆ ವಿಷದಂಥ ಪ್ರೋಟೀನ್‌ಗಳಿವೆ. ಹುಳದ ಮರಿಗಳನ್ನ ಕೊಲ್ಲೋಕೆ ಬೇಕಾದಂಥವು. ನನ್ನ ಎದೆಯಲ್ಲಿ ಹುಳ ಇಲ್ಲ. ಆದರೂ ಅದೇ ವಿಷ ಸುರೀತು, ನನ್ನದೇ ಪೊರೆಯ ಮೇಲೆ. ಪೊರೆ ಸುಲಿದ ಜಾಗದಲ್ಲಿ ನರದ ತುದಿಗಳು ತೆರೆದುಕೊಳ್ಳುತ್ತವೆ. ಆಮೇಲೆ ತಣ್ಣನೆ ಗಾಳಿ, ಅಗರಬತ್ತಿ ಹೊಗೆ, ಒಗ್ಗರಣೆ ಘಾಟು ಯಾವುದಕ್ಕೂ ಕೊಳವೆ ರೇಗುತ್ತೆ. ಇತ್ತ ಇಂಟರ್‌ಲ್ಯೂಕಿನ್-13 ಕಫವನ್ನ ಹೆಚ್ಚು ಮಾಡುತ್ತೆ.

ಅಸ್ತಮಾ ಇರೋರ ಕಫದಲ್ಲಿ ಸೂಜಿಮೊನೆಯ ಪುಟ್ಟ ಹರಳುಗಳಿರೋದನ್ನ 1872ರಲ್ಲೇ ಜರ್ಮನಿಯ ವೈದ್ಯ ಲೈಡನ್ ವರ್ಣಿಸಿದ್ದರು. ಅವು ಇಯೊಸಿನೊಫಿಲ್‌ಗಳ ಪ್ರೋಟೀನ್ ಗಟ್ಟಿಯಾಗಿ ಆದ ಹರಳು. ಆ ಹರಳುಗಳೇ ಉರಿಯೂತವನ್ನ ಇನ್ನಷ್ಟು ಕೆರಳಿಸಬಲ್ಲವು ಅಂತ 2019ರಲ್ಲಿ ಸಂಶೋಧಕರು ತೋರಿಸಿದರು.

ಅಂದ್ರೆ ರಾತ್ರಿ ನನ್ನ ಕೊಳವೆ ಸ್ನಾಯುವಿನಿಂದ ಮಾತ್ರ ಮುಚ್ಚಿರಲಿಲ್ಲ. ಗೋಡೆ ಊದಿತ್ತು, ಕಫ ತುಂಬಿತ್ತು. ಸಂಜೆ ಎಳೆದ ನೀಲಿ ಪಂಪ್‌ನ ಪ್ರಭಾವ ಇರೋದು ನಾಲ್ಕಾರು ಗಂಟೆ, ಅದೂ ಮುಗಿದಿತ್ತು. ಮತ್ತೆ ಎಳೆದಾಗ ಸ್ನಾಯು ಸಡಿಲ ಆಗಿರಬಹುದು. ಉಳಿದ ಎರಡಕ್ಕೆ ಅದರಲ್ಲಿ ಮದ್ದಿಲ್ಲ.

ಅಲರ್ಜಿ ಇಲ್ಲದವರಿಗೂ ಯಾಕೆ ಬರುತ್ತೆ?

"ನನಗೆ ಅಲರ್ಜಿ ಟೆಸ್ಟ್ ನೆಗೆಟಿವ್, ಆದರೂ ಅಸ್ತಮಾ" ಅನ್ನೋರಿದ್ದಾರೆ. ಇದಕ್ಕೆ ಉತ್ತರ ಸಿಗ್ತಾ ಬಂದದ್ದು 2010ರ ಆಸುಪಾಸು. ಐಎಲ್‌ಸಿ-2 ಅನ್ನೋ ಹೊಸ ಗುಂಪಿನ ಕೋಶಗಳು ಬೆಳಕಿಗೆ ಬಂದವು. ವೈರಸ್ ಅಥವಾ ಹೊಗೆಯಿಂದ ಪೊರೆಗೆ ಪೆಟ್ಟಾದಾಗ, ಪೊರೆಯೇ ಅಪಾಯದ ಸಂದೇಶ ಹೊರಡಿಸುತ್ತೆ. ಐಎಲ್‌ಸಿ-2 ಕೋಶಗಳಿಗೆ ಐಜಿಇ ಬೇಕಿಲ್ಲ, ಹಳೇ ನೆನಪೂ ಬೇಕಿಲ್ಲ. ಆ ಸಂದೇಶ ಕೇಳಿದ ಕೂಡಲೇ ಇಂಟರ್‌ಲ್ಯೂಕಿನ್-5, 13 ಸುರೀತವೆ. ಸಾದಾ ನೆಗಡಿ ಬಂದು ಅಸ್ತಮಾ ಕೆರಳೋದು ನಮಗೆಲ್ಲ ಅನುಭವ ಇದೆಯಲ್ಲ, ಅದರ ಹಿಂದೆ ಇದೂ ಒಂದು ದಾರಿ.

ಇನ್ನೂ ಕೆಲವರಲ್ಲಿ ಇಯೊಸಿನೊಫಿಲ್ ಹೆಚ್ಚಿರಲ್ಲ, ನ್ಯೂಟ್ರೊಫಿಲ್ ಅನ್ನೋ ಬೇರೆ ಕಣಗಳು ಹೆಚ್ಚಿರ್ತವೆ. ಬೀಡಿ ಸಿಗರೇಟು ಸೇದೋರಲ್ಲಿ ಇದು ಕಾಣುತ್ತೆ. ಇಂಥವರಿಗೆ ಸ್ಟೀರಾಯ್ಡ್ ಅಷ್ಟು ಚೆನ್ನಾಗಿ ಹಿಡಿಯಲ್ಲ. ಅಸ್ತಮಾ ಅನ್ನೋ ಒಂದೇ ಹೆಸರಿನಡಿ ಒಂದಕ್ಕಿಂತ ಹೆಚ್ಚು ಕಾಯಿಲೆಗಳಿವೆ ಅಂತ ಈಗ ವೈದ್ಯರು ಹೇಳೋದು ಅದಕ್ಕೇ.

ಎರಡು ಇನ್ಹೇಲರ್, ಎರಡು ಕೆಲಸ

ಈಗ ಬೀರುವಿನಲ್ಲಿ ಬಚ್ಚಿಟ್ಟ ಆ ಇನ್ನೊಂದು ಇನ್ಹೇಲರ್‌ಗೆ ಬರೋಣ. ಅದರಲ್ಲಿರೋದು ಅತಿ ಕಡಿಮೆ ಪ್ರಮಾಣದ ಸ್ಟೀರಾಯ್ಡ್, ಮೈಕ್ರೋಗ್ರಾಂ ಲೆಕ್ಕ. ಅದು ಕೋಶದೊಳಗೆ ಹೋಗಿ, ಉರಿಯೂತದ ಸಂದೇಶಗಳನ್ನ ತಯಾರಿಸೋ ಜೀನ್‌ಗಳ ಕೆಲಸವನ್ನ ತಗ್ಗಿಸುತ್ತೆ. ಸಂದೇಶ ಕಡಿಮೆಯಾದ್ರೆ ಇಯೊಸಿನೊಫಿಲ್‌ಗಳು ಬರೋದು ಕಡಿಮೆ, ಬಂದವು ಬೇಗ ಸಾಯ್ತವೆ. ಇದಕ್ಕೆ ದಿನಗಳು, ವಾರಗಳು ಬೇಕು. ಎಳೆದ ತಕ್ಷಣ ಏನೂ ಗೊತ್ತಾಗಲ್ಲ. ಅದಕ್ಕೇ ನಮಗೆ ಅದು ಕೆಲಸ ಮಾಡ್ತಿದೆ ಅಂತ ಅನ್ನಿಸೋದೇ ಇಲ್ಲ, ನೀಲಿ ಪಂಪ್ ಮೇಲೇ ಪ್ರೀತಿ.

ನನ್ನ ಭಾಷೆಯಲ್ಲಿ ಹೇಳ್ತೀನಿ. ಗಲ್ಲಾಪೆಟ್ಟಿಗೆಯಲ್ಲಿ ದುಡ್ಡಿದೆ ಅಂದ ಮಾತ್ರಕ್ಕೆ ಅಂಗಡಿ ಲಾಭದಲ್ಲಿದೆ ಅಂತ ಅಲ್ಲ. ಸಾಲ ಎಷ್ಟಿದೆ ಅಂತ ಬ್ಯಾಲೆನ್ಸ್ ಶೀಟ್ ನೋಡಿದ್ರೇ ಗೊತ್ತಾಗೋದು. ಉಸಿರು ಸಲೀಸಾಗಿದೆ ಅನ್ನೋದು ಗಲ್ಲಾಪೆಟ್ಟಿಗೆ. ಕೊಳವೆಯ ಗೋಡೆಯಲ್ಲಿ ಎಷ್ಟು ಇಯೊಸಿನೊಫಿಲ್ ಕೂತಿವೆ ಅನ್ನೋದು ಸಾಲ. ಸ್ಟೀರಾಯ್ಡ್ ನಿಲ್ಲಿಸಿದ ಎರಡೂವರೆ ತಿಂಗಳಲ್ಲಿ ನನ್ನ ಸಾಲ ಸದ್ದಿಲ್ಲದೆ ಬೆಳೆದಿತ್ತು. ಅಟ್ಟದ ಹಾಸಿಗೆ ವಸೂಲಿಗೆ ಬಂತು, ಅಷ್ಟೇ. ಈ ಉರಿಯೂತ ವರ್ಷಗಟ್ಟಲೆ ಹಾಗೇ ಇದ್ದರೆ ಕೊಳವೆಯ ಗೋಡೆಯೇ ದಪ್ಪ ಆಗ್ತಾ ಹೋಗುತ್ತೆ.

ಇದೇ ಕಾರಣಕ್ಕೆ ಅಸ್ತಮಾ ಚಿಕಿತ್ಸೆಗೆ ಜಾಗತಿಕ ಮಾರ್ಗಸೂಚಿ ಕೊಡೋ ಜಿನಾ ಸಂಸ್ಥೆ 2019ರಲ್ಲಿ ದೊಡ್ಡ ಬದಲಾವಣೆ ಮಾಡಿತು. ದೊಡ್ಡವರಿಗೆ ಮತ್ತು ಹದಿಹರೆಯದವರಿಗೆ, ಅಸ್ತಮಾ ಎಷ್ಟೇ ಸಣ್ಣದಿರಲಿ, ನೀಲಿ ಪಂಪ್ ಒಂದನ್ನೇ ಕೊಡೋದನ್ನ ಇನ್ನು ಶಿಫಾರಸು ಮಾಡಲ್ಲ, ಜೊತೆಗೆ ಯಾವುದಾದ್ರೂ ರೂಪದಲ್ಲಿ ಎಳೆಯೋ ಸ್ಟೀರಾಯ್ಡ್ ಇರಬೇಕು ಅಂತ ಹೇಳಿತು.

ಅಂದಹಾಗೆ ಬಣ್ಣ ನಂಬಬೇಡಿ. ಕಂಪನಿಯಿಂದ ಕಂಪನಿಗೆ ಬದಲಾಗುತ್ತೆ. ಡಬ್ಬಿ ಮೇಲಿನ ಹೆಸರು ಡಾಕ್ಟರಿಗೆ ತೋರಿಸಿ, ಇದು ತಕ್ಷಣದ್ದಾ, ದಿನಾ ತಗೊಳ್ಳೋದಾ ಅಂತ ಕೇಳಿ.

ಫೇಲ್ ಆಗಿ ಪಾಸಾದ ಔಷಧ

ಎಷ್ಟು ಸ್ಟೀರಾಯ್ಡ್ ಕೊಟ್ಟರೂ ಹತೋಟಿಗೆ ಬಾರದ ತೀವ್ರ ಅಸ್ತಮಾ ಕೆಲವರಿಗಿದೆ. ಅವರಿಗಾಗಿ ಇಂಟರ್‌ಲ್ಯೂಕಿನ್-5 ಸಂದೇಶವನ್ನೇ ಹಿಡಿದುಹಾಕೋ ಮೆಪೊಲಿಝುಮ್ಯಾಬ್ ಅನ್ನೋ ಇಂಜೆಕ್ಷನ್ ತಯಾರಾಯಿತು. 2000ನೇ ಇಸವಿಯ ಪ್ರಯೋಗದಲ್ಲಿ ರಕ್ತದ ಇಯೊಸಿನೊಫಿಲ್ ಧಡ್ ಅಂತ ಇಳಿದವು, ಅಸ್ತಮಾ ಮಾತ್ರ ಕದಲಲಿಲ್ಲ. 2007ರ ದೊಡ್ಡ ಪ್ರಯೋಗದಲ್ಲೂ ಅಂಥ ಲಾಭ ಕಾಣಲಿಲ್ಲ. ಇಯೊಸಿನೊಫಿಲ್ ತಪ್ಪಿತಸ್ಥ ಅಲ್ಲವೇನೋ ಅನ್ನೋ ಅನುಮಾನ ಬಂತು.

2009ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 61 ಜನ, ಕೆನಡಾದ ಹ್ಯಾಮಿಲ್ಟನ್‌ನಲ್ಲಿ 20 ಜನರ ಮೇಲೆ ಎರಡು ಸಣ್ಣ ಪ್ರಯೋಗ ನಡೆದವು. ವ್ಯತ್ಯಾಸ ಒಂದೇ. ಈ ಸಲ ಅಸ್ತಮಾ ಇರೋ ಎಲ್ಲರನ್ನೂ ಸೇರಿಸಲಿಲ್ಲ. ಚಿಕಿತ್ಸೆ ನಡೀತಿದ್ದರೂ ಇಯೊಸಿನೊಫಿಲ್ ಹೆಚ್ಚೇ ಇದ್ದವರನ್ನ ಆರಿಸಿದರು. ಅವರಲ್ಲಿ ಅಸ್ತಮಾ ಉಲ್ಬಣ ಆಗೋದು ಚೆನ್ನಾಗಿ ಕಡಿಮೆಯಾಯ್ತು. 2015ರಲ್ಲಿ ಅಮೆರಿಕದಲ್ಲಿ ಆ ಔಷಧಕ್ಕೆ ಒಪ್ಪಿಗೆ ಸಿಕ್ಕಿತು. ಔಷಧ ಅದೇ, ಯಾರಿಗೆ ಕೊಡಬೇಕು ಅನ್ನೋದು ಗೊತ್ತಾಗಿದ್ದೇ ಹೊಸದು.

ಐಜಿಇಯನ್ನ ಹಿಡಿಯೋ ಓಮಲಿಝುಮ್ಯಾಬ್‌ಗೆ ಅಲ್ಲಿ 2003ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಇಂಟರ್‌ಲ್ಯೂಕಿನ್-4 ಮತ್ತು 13 ಎರಡನ್ನೂ ತಡೆಯೋ ಡುಪಿಲುಮ್ಯಾಬ್ ಅಸ್ತಮಾಕ್ಕೆ ಬಂದದ್ದು 2018ರಲ್ಲಿ. ಇವೆಲ್ಲ ತುಂಬಾ ದುಬಾರಿ, ಎಲ್ಲರಿಗೂ ಬೇಕಾಗೋದೂ ಇಲ್ಲ. ನನ್ನ ಕೆಲಸ ಬೀರುವಿನಲ್ಲಿದ್ದ ಇನ್ಹೇಲರ್‌ನಿಂದಲೇ ಆಗ್ತಿತ್ತು.

ನೀವು ಕೇಳಿದ ಪ್ರಶ್ನೆಗಳು

ಇನ್‌ಸ್ಟಾದಲ್ಲಿ ವಿಷಯ ಹಾಕಿದಾಗ ಬಂದ ಪ್ರಶ್ನೆಗಳಲ್ಲಿ ನಾಲ್ಕು.

ಒಂದು: "ಇಮ್ಯುನಿಟಿ ಬೂಸ್ಟರ್ ಕುಡಿದ್ರೆ ಅಸ್ತಮಾ ಹೋಗುತ್ತಾ?" ಇಲ್ಲಿವರೆಗೆ ಕೇಳಿದ್ದೀರಲ್ಲ, ನೀವೇ ಹೇಳಿ. ನಮ್ಮ ರಕ್ಷಣಾ ಪಡೆಗೆ ಶಕ್ತಿ ಕಡಿಮೆ ಆಗಿ ಅಸ್ತಮಾ ಬಂದಿಲ್ಲ. ಅದು ಹಾಸಿಗೆಯ ನುಸಿಯನ್ನ ಹೊಟ್ಟೆಹುಳ ಅಂದ್ಕೊಂಡಂತೆ ಯುದ್ಧಕ್ಕಿಳಿದಿದೆ. ಅದಕ್ಕೆ ಬೇಕಿರೋದು ಸಮಾಧಾನ.

ಎರಡು: "ಇನ್ಹೇಲರ್ ಚಟ ಆಗುತ್ತಾ?" ಆಗಲ್ಲ. ನಿಲ್ಲಿಸಿದಾಗ ಮತ್ತೆ ತೊಂದರೆ ಬರೋದು ಉರಿಯೂತ ವಾಪಸ್ ಬರೋದರಿಂದ. ಸ್ಟೀರಾಯ್ಡ್ ಇನ್ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ, ಇಲ್ಲದಿದ್ರೆ ಬಾಯಲ್ಲಿ ಬಿಳಿ ಫಂಗಸ್ ಬರಬಹುದು, ದನಿ ಕಟ್ಟಬಹುದು. ಪಾಡ್‌ಕಾಸ್ಟ್ ಮಾಡೋಳಿಗೆ ದನಿ ಎಷ್ಟು ಮುಖ್ಯ ಅಂತ ನಿಮಗೇ ಗೊತ್ತು.

ಮೂರು: "ಮೃಗಶಿರ ಮಳೆ ದಿನ ಹೈದರಾಬಾದ್‌ನಲ್ಲಿ ಕೊಡೋ ಮೀನಿನ ಪ್ರಸಾದ?" ನಮ್ಮ ಕಡೆಯಿಂದಲೂ ಜನ ಹೋಗ್ತಾರೆ. ಅಸ್ತಮಾದ ಸ್ವಭಾವವೇ ಏರೋದು, ಇಳಿಯೋದು. ಇಳಿಯೋ ಹೊತ್ತಿಗೆ ಏನು ತಗೊಂಡಿದ್ದರೂ ಅದರಿಂದಲೇ ವಾಸಿ ಆಯ್ತು ಅನ್ನಿಸುತ್ತೆ. ಯಾರ ನಂಬಿಕೆಗೂ ನಾನು ಅಡ್ಡ ಬರಲ್ಲ. ಇನ್ಹೇಲರ್ ಮಾತ್ರ ಜೇಬಿನಲ್ಲಿರಲಿ.

ನಾಲ್ಕು: "ನನ್ನ ರಕ್ತ ಪರೀಕ್ಷೆಯಲ್ಲಿ ಇಯೊಸಿನೊಫಿಲ್ ಜಾಸ್ತಿ ಅಂತ ಬಂದಿದೆ, ಅಸ್ತಮಾನಾ?" ಅಷ್ಟರಿಂದಲೇ ಹೇಳೋಕಾಗಲ್ಲ. ಹೊಟ್ಟೆಹುಳ ಇದ್ದರೂ, ಚರ್ಮದ ಅಲರ್ಜಿ ಇದ್ದರೂ ಅದು ಏರುತ್ತೆ. ಊದಿ ನೋಡೋ ಸ್ಪೈರೋಮೆಟ್ರಿ ಪರೀಕ್ಷೆ ಇದೆ, ಡಾಕ್ಟರ್ ಹತ್ತಿರ ಹೋಗಿ.

ಇನ್ನೊಂದು ಮಾತು, ಇದನ್ನ ದಯವಿಟ್ಟು ನೆನಪಿಡಿ. ಒಂದು ವಾಕ್ಯ ಪೂರ್ತಿ ಹೇಳೋಕಾಗ್ತಿಲ್ಲ, ಪಂಪ್ ಎಳೆದರೂ ಇಳೀತಿಲ್ಲ, ತುಟಿ ನೀಲಿಗಟ್ಟುತ್ತಿದೆ ಅಂದ್ರೆ ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೊರಡಿ, ಗಾಡಿ ಇಲ್ಲ ಅಂದ್ರೆ 108ಕ್ಕೆ ಫೋನ್ ಮಾಡಿ.

ಈಗ ನಮ್ಮನೆಯಲ್ಲಿ

ಆಸ್ಪತ್ರೆಯಿಂದ ಬಂದ ದಿನ ಅಮ್ಮ ಏನೂ ಮಾತಾಡಲಿಲ್ಲ. ಬೀರು ತೆಗೆದು, ಸೀರೆ ಸರಿಸಿ, ಆ ಇನ್ಹೇಲರ್ ತಂದು ಟೀವಿ ಪಕ್ಕ ಇಟ್ಟರು. ಹಬ್ಬದ ಹೋಳಿಗೆಯನ್ನ ಒಂದು ದಿನ ತಡವಾಗಿ ತಿಂದ್ವಿ. ಅಟ್ಟದ ಹಾಸಿಗೆಗಳನ್ನ ಅಪ್ಪ ಬೇರೆಡೆಗೆ ಸಾಗಿಸಿದರು.

ಅದಾದ ಮೇಲೆ ಇನ್ನೊಂದು ಮನೆಯವರು ನೋಡೋಕೆ ಬಂದರು. ಇನ್ಹೇಲರ್ ಅಲ್ಲೇ ಇತ್ತು. ಹುಡುಗನ ಅತ್ತೆ ಕಾಫಿ ಕುಡೀತಾ ಅದನ್ನೇ ನೋಡ್ತಿದ್ದರು. ಅಮ್ಮನ ಮುಖ ಸಣ್ಣದಾಯ್ತು. ಅವರು ಲೋಟ ಕೆಳಗಿಟ್ಟು, "ನಮ್ಮ ಯಜಮಾನ್ರಿಗೂ ಇದನ್ನೇ ಬರೆದುಕೊಟ್ಟಿದ್ದಾರೆ, ತಗೊಳ್ಳೋದೇ ಇಲ್ಲ. ನೀನು ದಿನಾ ತಗೊಳ್ತೀಯೇನಮ್ಮಾ?" ಅಂದರು.

"ಹೂಂ ಅತ್ತೆ, ಈಗ ದಿನಾ ತಗೊಳ್ತೀನಿ" ಅಂದೆ. ಸಂಬಂಧ ಕೂಡಿಬರಲಿಲ್ಲ, ಅದಕ್ಕೆ ಕೆಲಸದ ಊರು ಕಾರಣ. ಆದರೆ ಆವತ್ತು ಅವರ ಪಕ್ಕ ಕೂತು, ಮಾಸ್ಟ್ ಕೋಶ, ಇಯೊಸಿನೊಫಿಲ್ ಅಂತ ಅರ್ಧ ಗಂಟೆ ಹೇಳಿದೆ. ಈ ಸಂಚಿಕೆ ಮಾಡಬೇಕು ಅನ್ನಿಸಿದ್ದು ಅಲ್ಲೇ.

ನಿಮ್ಮ ಮನೆಯಲ್ಲೂ ಯಾರದ್ದೋ ಇನ್ಹೇಲರ್ ಬೀರುವಿನಲ್ಲಿ ಇದ್ದರೆ, ಅವರಿಗೆ ಇದನ್ನ ವಾಟ್ಸಾಪ್ ಮಾಡಿ. ಮುಂದಿನ ವಾರ ಮತ್ತೆ ನಮ್ಮ ಲೆಕ್ಕಪತ್ರಕ್ಕೆ ವಾಪಸ್, ಆರೋಗ್ಯ ವಿಮೆ ಮಾಡಿಸುವಾಗ ಹಳೇ ಕಾಯಿಲೆ ಮುಚ್ಚಿಟ್ಟರೆ ಏನಾಗುತ್ತೆ ಅಂತ ಮಾತಾಡೋಣ. ಅಲ್ಲಿವರೆಗೆ ಚೆನ್ನಾಗಿ ಉಸಿರಾಡಿ. ನಮಸ್ಕಾರ.